ಹಾಸಿಗೆ ಲೆಕ್ಕದ ಬಾಗಿಲು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಎಂಜಿನಿಯರ್‌ಗೆ ಸಹೋದ್ಯೋಗಿಗಳು ಇಟ್ಟ ಹೆಸರು ಜಗಳಗಂಟಿ. ಆಸ್ಪತ್ರೆಯ ಎಪಿಐಗಳಿಗೆಲ್ಲ ಒಂದು ಯೋಜನೆ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಎಪಿಐ ಅಂದರೆ ಒಂದು ಕಂಪ್ಯೂಟರ್ ಇನ್ನೊಂದರ ಬಾಗಿಲು ತಟ್ಟಿ ಮಾಹಿತಿ ಕೇಳುವ ಏರ್ಪಾಡು. ಹತ್ತು ವರ್ಷಗಳಲ್ಲಿ ಯಾರ್ಯಾರೋ ಮನಬಂದಂತೆ ಇಟ್ಟುಹೋದ ಅಂಥ ಬಾಗಿಲುಗಳು ನಲವತ್ತೊಂದಿದ್ದವು.

ಎರಡು ತಿಂಗಳು ಕೂತು ಬರೆದಳು. ಬಳಸುವವರು ಯಾರೆಂದು ತಿಳಿದು, ಅವರೊಡನೆ ಮಾತಾಡದೆ ಯಾವುದನ್ನೂ ಮುಚ್ಚಬಾರದು ಎಂಬುದೇ ಮೊದಲ ಪುಟ. ನಿರ್ದೇಶಕರು ಆ ಪುಟವನ್ನೇ ತೆಗೆಸಿಹಾಕಿದರು. ಹಳೆಯದೆಲ್ಲ ಬಂದ್ ಆಯಿತೆಂದು ಅವರು ಸೋಮವಾರ ಆಡಳಿತ ಮಂಡಳಿಗೆ ತೋರಿಸಬೇಕಿತ್ತು.

"ಹಾಸಿಗೆ ಎಷ್ಟು ಖಾಲಿ ಅಂತ ಹೊರಗಿನೋರು ಯಾರೋ ದಿನಕ್ಕೆ ಇನ್ನೂರು ಸಲ ಕೇಳ್ತಿದಾರೆ ಸರ್. ಪತ್ತೆ ಮಾಡೋಕೆ ಒಂದು ವಾರ ಕೊಡಿ."

"ಬೇಕಾದ್ರೆ ಅವರೇ ಫೋನ್ ಮಾಡ್ತಾರೆ. ಎಲ್ಲದಕ್ಕೂ ಕೊಂಕು ತೆಗೀಬೇಡಿ."

ಸೋಮವಾರ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು, ಹಾಸಿಗೆ ಲೆಕ್ಕದ್ದೂ ಸೇರಿ ಹಳೆಯ ಬಾಗಿಲುಗಳನ್ನೆಲ್ಲ ಅವಳೇ ಮುಚ್ಚಿದಳು.

ಮಧ್ಯಾಹ್ನ ಭಾವನ ಫೋನ್ ಬಂತು. ಅಕ್ಕನ ಗಂಡ ಆಂಬುಲೆನ್ಸ್ ಚಾಲಕ. ಎಂದೂ ದನಿ ಏರಿಸಿದವನಲ್ಲ.

"ನಿಮ್ಮ ಆಸ್ಪತ್ರೆ ತುಂಬಿದ್ಯೋ ಖಾಲಿ ಇದ್ಯೋ ಹೇಳಮ್ಮ! ಗಾಡೀಲಿರೋ ಪರದೆ ಬೆಳಿಗ್ಗೆಯಿಂದ ಹನ್ನೆರಡು ಖಾಲಿ ಅಂತಾನೇ ತೋರಿಸ್ತಿದೆ. ನಂಬ್ಕೊಂಡು ಹೆರಿಗೆ ನೋವಿನ ಹೆಂಗಸನ್ನ ಕರ್ಕೊಂಡು ಬಂದ್ರೆ, ಜಾಗ ಇಲ್ಲ, ಬೇರೆ ಕಡೆ ಹೋಗಿ ಅಂದ್ರು. ಸಿಗ್ನಲ್ಲಲ್ಲಿ ಗಾಡಿಯೊಳಗೇ ಹೆರಿಗೆ ಆಯ್ತು. ಎಷ್ಟೊತ್ತಾದ್ರೂ ಮಗು ಅಳಲೇ ಇಲ್ಲ…"

"ಈಗ?"

"ಈಗ ಅಳ್ತಿದೆ. ತಾಯಿ ಮಗು ಇಬ್ಬರನ್ನೂ ಬೇರೆ ಆಸ್ಪತ್ರೆಗೆ ಸೇರಿಸಿದೀನಿ."

ದಿನವೂ ಲೆಕ್ಕ ಕೇಳುತ್ತಿದ್ದದ್ದು ಆಂಬುಲೆನ್ಸ್‌ಗಳ ಪರದೆ; ಬಾಗಿಲು ಮುಚ್ಚಿದ ಮೇಲೆ ಅದು ಬೆಳಗಿನ ಅಂಕಿಯಲ್ಲೇ ನಿಂತುಬಿಟ್ಟಿತ್ತು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಬಾಗಿಲು ತಟ್ಟದೆ ಆಡಳಿತ ಮಂಡಳಿಯ ಸಭೆಗೆ ನುಗ್ಗಿ, ಫೋನನ್ನು ಮೇಜಿನ ನಡುವೆ ಇಟ್ಟಳು.

"ದಿನಕ್ಕೆ ಇನ್ನೂರು ಸಲ ಕೇಳ್ತಿದ್ದೋರು ಫೋನ್ ಮಾಡಿದಾರೆ ಸರ್. ಮಾತಾಡಿ."

ಭಾವ ಮತ್ತೊಮ್ಮೆ ಎಲ್ಲವನ್ನೂ ಹೇಳಿದ. ಅಧ್ಯಕ್ಷೆ ನಿರ್ದೇಶಕರ ಕಡೆ ತಿರುಗಿದರು. "ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಇವರು ಸ್ಪಷ್ಟವಾಗಿ ಏನೂ ಹೇಳಿರಲಿಲ್ಲ ಮೇಡಂ."

"ಎಲುಬಿಲ್ಲದ ನಾಲಿಗೆ ಅಂತ ಹೇಗೆ ಬೇಕಾದ್ರೂ ಹೊರಳಿಸಬೇಡಿ ಸರ್!" ಅವಳ ದನಿ ಕಾರಿಡಾರಿನವರೆಗೂ ಕೇಳಿಸಿತು. "ಮೂರು ಸಲ ಬರೆದು ಕಳಿಸಿದೀನಿ. ಮೂರಕ್ಕೂ ನಿಮ್ಮ ಉತ್ತರ ಇದೆ." ಮೂರನ್ನೂ ಗೋಡೆಯ ಪರದೆಯ ಮೇಲೆ ತೋರಿಸಿದಳು. ಅಧ್ಯಕ್ಷೆ ಹೇಳಿದ ಅರ್ಧ ಗಂಟೆಯಲ್ಲಿ ಹಳೆಯ ಬಾಗಿಲುಗಳೆಲ್ಲ ಮತ್ತೆ ತೆರೆದವು.

ಸಂಜೆ ಅಕ್ಕನ ಮನೆಗೆ ಹೋದಳು. ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದ. ನಡೆದದ್ದನ್ನೆಲ್ಲ ಅಕ್ಕ ಕೈಕಟ್ಟಿ ನಿಂತು ಕೇಳಿದಳು.

"ಆ ನಿರ್ದೇಶಕನಿಗೆ ಬೈದದ್ದು ಸರಿ. ಮುಚ್ಚಿದ ಕೈ ಯಾರದು?"

"ನಂದೇ."

"ಗೊತ್ತಿದ್ದೂ ಮುಚ್ಚಿದೆಯಲ್ಲೇ!"

ನಿರ್ದೇಶಕರ ಮೇಲಿದ್ದಷ್ಟೇ ಸಿಟ್ಟು ಅವಳಿಗೆ ತನ್ನ ಮೇಲೂ ಬಂತು, ಕಣ್ಣಲ್ಲಿ ನೀರೂ ಬಂತು.

ಸಭೆಗೆ ನುಗ್ಗಿದ್ದಕ್ಕೆ ಮರುದಿನ ಎಚ್ಚರಿಕೆ ಪತ್ರ ಸಿಕ್ಕಿತು. ನಿರ್ದೇಶಕರ ಕುರ್ಚಿ ಅಲುಗಲಿಲ್ಲ. ಯೋಜನೆಯ ಹೊಣೆಯನ್ನು ಮಾತ್ರ ಅಧ್ಯಕ್ಷೆ ಪೂರ್ತಿ ಅವಳಿಗೇ ವಹಿಸಿದರು. ಪತ್ರಕ್ಕೆ ಸಹಿ ಹಾಕಿ ಪಕ್ಕಕ್ಕೆ ತಳ್ಳಿ, ಉಳಿದ ನಲವತ್ತು ಬಾಗಿಲುಗಳನ್ನು ಬಳಸುವವರ ಪಟ್ಟಿ ಹಿಡಿದು ಫೋನಿನ ಮುಂದೆ ಕೂತಳು. ಮೊದಲ ಕರೆ ರಕ್ತನಿಧಿಗೆ.

"ಹತ್ತು ವರ್ಷಕ್ಕೆ ಈಗ ನೆನಪಾಯ್ತೇನ್ರೀ ನಾವು?" ಎಂದು ಆ ಕಡೆಯ ಗುಮಾಸ್ತ ಇಪ್ಪತ್ತು ನಿಮಿಷ ಬೈದ. ಅವಳು ಎದುರಾಡದೆ ಅವನ ಒಂದೊಂದು ದೂರನ್ನೂ ಬರೆದುಕೊಂಡಳು.