ಆಪರೇಷನ್ ಮುಂಜಾನೆ ಉಣ್ಣಿಸಿದ ಮುದ್ದೆ

ನಮ್ಮ ಕಡೆ ಯಾರನ್ನೂ ಹಸಿದ ಹೊಟ್ಟೆಯಲ್ಲಿ ಹೊಸ್ತಿಲು ದಾಟಿಸುವುದಿಲ್ಲ. ಕುರಿ ಹೊಡೆದುಕೊಂಡು ಹೋಗುವವನಿರಲಿ, ಸಂತೆಗೆ ಹೊರಟವಳಿರಲಿ, ನಾಲ್ಕು ತುತ್ತು ತಿಂದೇ ಹೊರಡಬೇಕು. ಹಾಗಿರುವಾಗ ಡಾಕ್ಟರ ಕತ್ತಿಯ ಕೆಳಗೆ ಮಲಗುವವಳನ್ನು ಬರಿಹೊಟ್ಟೆಯಲ್ಲಿ ಕಳುಹಿಸುವುದೆ? ಹುಲಿಕುಂಟೆ ಕಡೆಯ ಕುರಿ ಸಾಕುವ ಮನೆಯ ರಂಗಕ್ಕನ ತಲೆಗೆ ಈ ಮಾತು ಹೋಗಲೇ ಇಲ್ಲ.

ಅವಳ ತಂಗಿ ಪುಟ್ಟಕ್ಕನ ಕತ್ತಿನಲ್ಲಿ ಒಂದು ಗಂಟು ಎದ್ದಿತ್ತು. ಮೊದಲ ವರ್ಷ ಕಡಲೆಕಾಳಿನಷ್ಟಿದ್ದದ್ದು ಮರುವರ್ಷ ನಿಂಬೆಹಣ್ಣಿನಷ್ಟಾಯಿತು. ಸೊಪ್ಪು ಅರೆದು ಕಟ್ಟಿದರು, ಹರಕೆ ಹೊತ್ತರು. ತಲೆ ತಿರುಗಿಸುವುದೇ ಕಷ್ಟವಾದ ಮೇಲೆ ಸಿರಾದ ಆಸ್ಪತ್ರೆಗೆ ಕರೆತಂದರು. ಎಂಬತ್ತೊಂದನೆಯ ಇಸವಿಯ ಮಾತು. ಆಪರೇಷನ್ನಿಗೆ ಎಚ್ಚರ ತಪ್ಪಿಸಲು ಮತ್ತು ಕೊಡುವ ಡಾಕ್ಟರು ಸಂಜೀವಯ್ಯನವರು ಹದಿನೈದು ದಿನಕ್ಕೊಮ್ಮೆ ತುಮಕೂರಿನಿಂದ ಬರುತ್ತಿದ್ದರು. ಆಪರೇಷನ್ ಆ ದಿನವೇ ಆಗಬೇಕು.

ತಾಯಿ ಸತ್ತಾಗ ಪುಟ್ಟಕ್ಕನಿಗೆ ಎರಡು ವರ್ಷ. ಸೊಂಟದ ಮೇಲೆ ಹೊತ್ತು ಸಾಕಿದವಳು ರಂಗಕ್ಕ. ಈಗಲೂ ಅವಳ ಕಣ್ಣಿಗೆ ತಂಗಿ ಇನ್ನೂ ಮಗುವೇ.

ಹಿಂದಿನ ಸಂಜೆ ವಾರ್ಡಿನ ಆಯಾ ಅಮೀರ್ ಬಿ ಬಂದು ಹೇಳಿದಳು. ಸಿರಾ ಪೇಟೆಯವಳು, ರಂಗಕ್ಕ ಉಣ್ಣೆ ಮಾರಲು ಬರುತ್ತಿದ್ದ ಬೀದಿಯವಳೇ, ಹಳೆಯ ಪರಿಚಯ.

"ರಂಗಕ್ಕ, ರಾತ್ರಿ ಊಟ ಆದ್ಮೇಲೆ ಇವಳಿಗೆ ಏನೂ ಕೊಡಬ್ಯಾಡ. ಬೆಳಿಗ್ಗೆ ಕಾಫಿನೂ ಬ್ಯಾಡ, ಅಂಬಲಿನೂ ಬ್ಯಾಡ."

"ಹಸ್ಕೊಂಡು ಸಾಯ್ಲಾ ಮತ್ತೆ?"

"ಒಂದ್ ಹೊತ್ತು ಹಸಿದ್ರೆ ಯಾರೂ ಸಾಯಲ್ಲ ಕಣಮ್ಮ. ರಂಜಾನ್ ತಿಂಗಳೆಲ್ಲ ನಾವು ಹಗಲೊತ್ತು ಉಪವಾಸ ಇರಲ್ವಾ? ನೋಡು, ಹೆಂಗಿದೀನಿ!"

"ನೀನು ಉಪವಾಸ ಇದ್ರೂ ಊದ್ಕಂತೀಯ. ನನ್ ತಂಗಿ ನೋಡು, ಒಣಗಿದ್ ಜಾಲಿಕಡ್ಡಿ."

ವಾರ್ಡಿನವರೆಲ್ಲ ನಕ್ಕರು. ಅಮೀರ್ ಬಿಯೂ ನಕ್ಕಳು. ರಂಗಕ್ಕ ಒಪ್ಪಿದಳೆಂದೇ ಅವಳು ತಿಳಿದಳು.

ಬೆಳಗಿನ ಜಾವ ಕೋಳಿ ಕೂಗಿತು. ರಂಗಕ್ಕ ತಂಗಿಯನ್ನು ಎಬ್ಬಿಸಿ ವಾರ್ಡಿನ ಹಿಂದಿನ ನಲ್ಲಿಯ ಹತ್ತಿರ ಕೂರಿಸಿದಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ರಾತ್ರಿಯ ಮುದ್ದೆಯನ್ನು ಬಿಚ್ಚಿದಳು.

"ಬ್ಯಾಡ ಅಂದವ್ರೆ ಕಣಕ್ಕ."

"ಅವ್ರಿಗೇನು, ನೀನು ಅವ್ರ ತಂಗಿನಾ? ಶಕ್ತಿ ಬ್ಯಾಡ್ವಾ? ನುಂಗು."

ಒಂದು ಮುದ್ದೆ, ಮೇಲೆ ಒಂದು ಚೆಂಬು ಅಂಬಲಿ. ಬಾಯಿ ಒರೆಸಿ ಕರೆತಂದು ಮಲಗಿಸಿದಳು. ಎಂಟು ಗಂಟೆಗೆ ನರ್ಸಮ್ಮ ಬಂದು, "ಏನಾದ್ರೂ ತಿಂದ್ಯೇನಮ್ಮ?" ಎಂದು ಪುಟ್ಟಕ್ಕನನ್ನು ಕೇಳಿದರು. ಉತ್ತರ ಕೊಟ್ಟವಳು ರಂಗಕ್ಕ.

"ಹನಿ ನೀರೂ ಮುಟ್ಟಿಲ್ಲ ಕಣ್ರವ್ವ. ನಮ್ ದೇವ್ರು ಜುಂಜಪ್ಪನಾಣೆ."

ಪುಟ್ಟಕ್ಕ ತಲೆ ತಗ್ಗಿಸಿದಳು. ಅವಳನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ಅಮೀರ್ ಬಿ ಬಂದು ಬೆಂಚಿನ ಮೇಲೆ ಕುಳಿತಳು. "ಹೆದರ್ಕೋಬ್ಯಾಡ. ಮತ್ತು ಬಂದ್ರೆ ಏನೂ ಗೊತ್ತಾಗಲ್ಲ."

"ನಂಗೇನು ಹೆದ್ರಿಕೆ?" ರಂಗಕ್ಕ ಅವಳ ಕಿವಿಯ ಹತ್ತಿರ ಬಾಗಿದಳು. ತಾನು ಮಾಡಿದ್ದು ಎಂಥ ಜಾಣತನ ಎಂಬ ಹೆಮ್ಮೆ ದನಿಯಲ್ಲಿತ್ತು. "ಮುದ್ದೆ ಉಣ್ಸಿದೀನಿ. ಕಲ್ಲಂಗಿರ್ತಾಳೆ."

ಅಮೀರ್ ಬಿ ದಡಕ್ಕನೆ ಎದ್ದಳು. "ಯಾ ಅಲ್ಲಾ! ಏನಂದೆ?"

"ಒಂದು ಮುದ್ದೆ ಕಣೇ, ಅದಕ್ಕೇನು..."

"ಎಂಥ ಕೆಲ್ಸ ಮಾಡ್ದೆ ರಂಗಕ್ಕ! ಮತ್ತು ಬಂದೋರ ಗಂಟಲು ಸತ್ತಂಗೆ ಇರ್ತೈತೆ. ಹೊಟ್ಟೇಲಿರೋದು ಮೇಲಕ್ಕೆ ಬಂದ್ರೆ ಕೆಮ್ಮಕ್ಕಾಗಲ್ಲ, ಉಗಿಯಕ್ಕಾಗಲ್ಲ. ಎಲ್ಲ ಸೀದಾ ಉಸಿರಾಡೋ ಕೊಳವೆಗೆ ಇಳೀತೈತೆ. ಎದೆ ತುಂಬ್ಕಂತೈತೆ!"

 ಡಾಕ್ಟರ ಮಾತು ರಂಗಕ್ಕನಿಗೆ ತಿಳಿಯದಿರಬಹುದು. ಆದರೆ ಕುರಿಯ ವಿಷಯ ತಿಳಿಯದೆ? ರೋಗ ಬಂದ ಕುರಿಗೆ ಬಿದಿರಿನ ಕೊಳವೆಯಾದ ಗೊಟ್ಟದಲ್ಲಿ ಔಷಧವನ್ನು ಬಾಯಿಗೆ ಎತ್ತುವಾಗ ತಲೆ ಹೆಚ್ಚು ಮೇಲೆತ್ತಬಾರದು, ಅವಸರ ಮಾಡಬಾರದು, ಅದು ಕೆಮ್ಮಿದರೆ ಕೂಡಲೇ ಬಿಡಬೇಕು. ಹೋದ ಆಷಾಢದಲ್ಲಿ ಪುಟ್ಟಕ್ಕನ ಗಂಡ ಕಾಟಪ್ಪ ಅವಸರಪಟ್ಟು ಎತ್ತಿದ್ದ. ಔಷಧ ಉಸಿರಿಗೆ ಇಳಿದು ಮೂಗಿನಲ್ಲಿ ನೊರೆ ಬಂದು ಒಳ್ಳೆ ಟಗರು ಕಣ್ಣೆದುರೇ ಒದ್ದಾಡಿ ಸತ್ತಿತ್ತು. "ಗೊಟ್ಟ ಎತ್ತೋಕೆ ಬರದೋನು ಕುರಿ ಯಾಕಲಾ ಸಾಕ್ತೀಯ?" ಎಂದು ಊರಿಗೆಲ್ಲ ಕೇಳುವಂತೆ ಅವನನ್ನು ಬೈದವಳು ಇವಳೇ.

ಈಗ ಅದೇ ಗೊಟ್ಟವನ್ನು ತಂಗಿಯ ಬಾಯಿಗೆ ತನ್ನ ಕೈಯಾರೆ ಎತ್ತಿದ್ದಳು.

 ರಂಗಕ್ಕ ಎದ್ದು ಓಡಿದಳು. ಎರಡೂ ಕೈಯಲ್ಲಿ ಬಾಗಿಲು ಬಡಿದಳು.

"ಸ್ವಾಮೀ! ನಿಲ್ಸಿ! ಉಂಡವ್ಳೆ! ಸುಳ್ಳು ಹೇಳ್ಬುಟ್ಟೆ ಸ್ವಾಮೀ!"

ಬಾಗಿಲು ತೆರೆಯಿತು. ಸಂಜೀವಯ್ಯನವರೇ ಬಂದರು. ಕೈಯಲ್ಲಿ ಮತ್ತಿನ ಔಷಧದ ಸೀಸೆ.

"ಯಾವಾಗ? ಏನು ತಿಂದಳು? ಎಷ್ಟು?"

"ಕೋಳಿ ಕೂಗೋ ಹೊತ್ಗೆ... ಒಂದು ಮುದ್ದೆ... ಒಂದು ಚೆಂಬು ಅಂಬಲಿ."

 ಡಾಕ್ಟರು ಸೀಸೆಯನ್ನು ಕಿಟಕಿಯ ಮೇಲಿಟ್ಟರು. "ಇನ್ನೆರಡು ನಿಮಿಷ ತಡವಾಗಿದ್ದರೆ ಮತ್ತು ಕೊಟ್ಟುಬಿಡುತ್ತಿದ್ದೆ ತಾಯಿ" ಎಂದರು.

ಪುಟ್ಟಕ್ಕ ನಡೆದುಕೊಂಡೇ ಹೊರಗೆ ಬಂದಳು. ಹೆದರಿಕೆಗೋ ಒಳಗಿನ ಔಷಧದ ವಾಸನೆಗೋ, ಅಂಗಳದ ಬೇವಿನ ಮರದ ಬುಡಕ್ಕೆ ಬರುವಷ್ಟರಲ್ಲಿ ವಾಂತಿಯಾಯಿತು. ಉಂಡು ಮೂರು ತಾಸು ಕಳೆದಿದ್ದರೂ ಮುದ್ದೆ ಇನ್ನೂ ಹಾಗೇ ಇತ್ತು, ತುಂಡುತುಂಡು. ಪುಟ್ಟಕ್ಕ ಕೆಮ್ಮಿದಳು, ಕ್ಯಾಕರಿಸಿದಳು, ಉಗಿದಳು, ನೀರು ಕೇಳಿದಳು. ಎಚ್ಚರವಿದ್ದಳು, ಅದಕ್ಕೇ ಬದುಕಿದಳು. ಒಳಗಿನ ಮೇಜಿನ ಮೇಲೆ ಹೀಗಾಗಿದ್ದರೆ? ರಂಗಕ್ಕ ನೆಲದ ಮೇಲಿನ ಆ ರಾಗಿಯನ್ನು ನೋಡುತ್ತ ಅಲ್ಲೇ ಕುಳಿತಳು.

"ಹದಿನೈದು ದಿನ ಬಿಟ್ಟು ಮಾಡೋಣ. ಅಷ್ಟರಲ್ಲಿ ಗಂಟೇನೂ ಓಡಿಹೋಗಲ್ಲ" ಎಂದರು ಸಂಜೀವಯ್ಯನವರು. "ಸುಳ್ಳು ಹೇಳಿದ್ದು ತಪ್ಪು. ಆದರೆ ನಾಚಿಕೊಂಡು ಸುಮ್ಮನೆ ಕೂರಲಿಲ್ಲವಲ್ಲ, ಅಷ್ಟೇ ಸಾಕು."

ಅಷ್ಟರಲ್ಲಿ ಬಂದ ಕಾಟಪ್ಪನಿಗೆ ಎಲ್ಲ ಗೊತ್ತಾಯಿತು. ಅವನು ಬೈಯುತ್ತಾನೆಂದು ರಂಗಕ್ಕ ಕಾದಳು. ಅವನು ಬೈಯಲಿಲ್ಲ. ಹೆಂಡತಿಯ ಪಕ್ಕ ಕುಳಿತು ಅವಳ ಬೆನ್ನು ಸವರುತ್ತಲೇ ಇದ್ದ.

ಹದಿನೈದು ದಿನದ ನಂತರ ಮತ್ತೆ ಬಂದರು. ಡಾಕ್ಟರು ಹೇಳಿದ ಹೊತ್ತಿನಿಂದ ರಂಗಕ್ಕ ತಂಗಿಯ ಮಂಚದ ಬಳಿ ಕಾವಲು ಕುಳಿತಳು. ನರ್ಸಮ್ಮ ಕೇಳುವ ಮೊದಲೇ ಬಾಯಿ ಬಿಟ್ಟಳು.

"ಏನೂ ತಿಂದಿಲ್ಲ, ಇದು ನಿಜ. ಬೇಕಾದ್ರೆ ಅವಳ್ನೇ ಕೇಳಿ. ಇನ್ನೊಂದ್ ಮಾತು, ಮುಂದಿನ ಹಲ್ಲು ಅಲ್ಲಾಡ್ತೈತೆ. ಎಲೆ ಅಡಿಕೆ ಜೊತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಬೇರೆ ಹಾಕ್ತಾಳೆ."

"ಅಯ್ಯೋ ಅಕ್ಕ, ಅದನ್ಯಾಕೆ ಹೇಳ್ತೀಯ!" ಪುಟ್ಟಕ್ಕ ಮುಖ ಮುಚ್ಚಿಕೊಂಡಳು.

"ಹೇಳಲಿ ಬಿಡು. ಮತ್ತಿನಲ್ಲಿ ಹಲ್ಲು ಕಳಚಿ ಗಂಟಲಿಗೆ ಬೀಳಬಹುದು, ಇದೂ ನಮಗೆ ಬೇಕಾದ ಮಾತೇ" ಎಂದು ನರ್ಸಮ್ಮ ಬರೆದುಕೊಂಡರು.

ಆಪರೇಷನ್ ಸರಿಯಾಗಿ ಮುಗಿಯಿತು. ಮಧ್ಯಾಹ್ನ ಪುಟ್ಟಕ್ಕ ಕಣ್ಣು ಬಿಟ್ಟು, ಒಣಗಿದ ತುಟಿ ಅಲುಗಿಸಿ, "ಅಕ್ಕ, ಹಸಿವು" ಎಂದಳು. ರಂಗಕ್ಕನ ಕೈ ಚೆಂಬಿನ ಕಡೆ ಹೋಯಿತು. ಆದರೂ ಚೆಂಬು ಮುಟ್ಟಲಿಲ್ಲ.

"ತಡ್ಕೋ ನನ್ನವ್ವ. ಡಾಕ್ಟರ್‌ನ ಕೇಳ್ಕೊಂಡು ಬತ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಪ್ರೀತಿಯಿಂದ ಕೊಟ್ಟ ತುತ್ತೂ ಜೀವ ತೆಗೆಯಬಲ್ಲದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ, ಊಟ ಯಾವಾಗ ನಿಲ್ಲಿಸಬೇಕು, ನೀರು ಯಾವಾಗ, ಮಗುವಾದರೆ ಹಾಲು ಯಾವಾಗ ಎಂದು ಡಾಕ್ಟರನ್ನೇ ಕೇಳಿ. ಎಷ್ಟು ಗಂಟೆ ಎಂದು ಇಲ್ಲಿ ಬರೆದಿಲ್ಲ. ವಯಸ್ಸು, ಕಾಯಿಲೆ ನೋಡಿ ಅವರೇ ಹೇಳಬೇಕು. ಅವರು ಹೇಳಿದ್ದಕ್ಕಿಂತ ಒಂದು ತುತ್ತೂ ಹೆಚ್ಚು ಬೇಡ. ಮರೆತು ತಿಂದಿದ್ದರೆ, ಕದ್ದು ತಿನ್ನಿಸಿದ್ದರೆ, ಬಾಗಿಲು ಮುಚ್ಚಿದ್ದರೂ ಸರಿ, ಹೋಗಿ ಹೇಳಿ. ತುರ್ತಿನ ಆಪರೇಷನ್ನಾದರೂ ಹೇಳಿ, ಅದಕ್ಕೆ ತಕ್ಕ ಎಚ್ಚರಿಕೆ ಅವರು ವಹಿಸುತ್ತಾರೆ. ಬೈಸಿಕೊಂಡರೆ ಬೈಸಿಕೊಳ್ಳೋಣ. ಬೈಗುಳ ಸಂಜೆಗೆ ಮರೆತುಹೋಗುತ್ತದೆ. ಹೋದ ಜೀವ ಬರುವುದಿಲ್ಲ.