ನಾನಿನ್ನು ಜೀಪು ದೂಡುವುದಿಲ್ಲ

ಗುತ್ತಿಗಾರಿನ ತ್ಯಾಂಪಣ್ಣನ ಬಾಡಿಗೆ ಜೀಪು ಸಮತಟ್ಟು ನೆಲದಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಬ್ಯಾಟರಿಗೆ ಜೀವವಿಲ್ಲದ ಕಾರಣ ಅದನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು, ಹತ್ತಿದವರೆಲ್ಲ ಇಳಿದು ದೂಡಬೇಕು, ಆಮೇಲೆ ಸ್ಟಾರ್ಟ್. ಅವತ್ತು ಸುಳ್ಯದ ಆಸ್ಪತ್ರೆಗೆ ಹೊರಟ ತುಂಬು ಬಸುರಿ ಮಗಳು ಅಮ್ಮುವೂ ಇಳಿದು ಕೈ ಕೊಡಲು ಬಂದಾಗ, ತ್ಯಾಂಪಣ್ಣನ ಹೆಂಡತಿ ಹರಿಣಾಕ್ಷಿಗೆ ಮೈಯೆಲ್ಲ ಉರಿಯಿತು.

"ನಾನಿನ್ನು ದೂಡುದಿಲ್ಲ. ನನ್ನ ಮಗಳೂ ದೂಡುದಿಲ್ಲ. ಹೆರಿಗೆ ನೋವು ಬಂದ ದಿನ ಎಂತ ಮಾಡ್ತೀರಿ?"

"ಬ್ಯಾಟ್ರಿ ಸಂಗತಿ ನಿನಗೆ ಎಂತ ಗೊತ್ತುಂಟು? ಸುಮ್ಮನೆ ಕೂತುಕೋ."

ಸುಮ್ಮನೆ ಕೂರುವ ಜಾಯಮಾನ ಅವಳದ್ದಲ್ಲ. ಅಮ್ಮುವನ್ನು ಡಾಕ್ಟರಿಗೆ ತೋರಿಸಿದ್ದೇ ತಡ, ಗಂಡನನ್ನು ಸುಳ್ಯದಲ್ಲೇ ಇದ್ದ ನಫೀಸಮ್ಮನ ಮೈಕ್ ಸೆಟ್ ಅಂಗಡಿಗೆ ಎಳೆದೊಯ್ದಳು. ನಫೀಸಮ್ಮನ ಗಂಡ ಪೋಕರ್ ಗಲ್ಫಿಗೆ ಹೋದ ಮೇಲೆ ಅಂಗಡಿಯನ್ನೂ ಬ್ಯಾಟರಿ ಚಾರ್ಜಿಂಗನ್ನೂ ನಡೆಸುತ್ತಿದ್ದವಳು ಅವಳೇ.

ತ್ಯಾಂಪಣ್ಣ ಬ್ಯಾಟರಿ ಇಳಿಸಿ ಬೀಡಿಗೆ ಬೆಂಕಿ ಕೊಡಲು ಹೊರಟ.

"ಬೀಡಿ ಬಿಸಾಡಿ ಮಾರಾಯ್ರೆ! ಇಲ್ಲಿ ಬೇರೆ ಬ್ಯಾಟ್ರಿ ಚಾರ್ಜಾಗ್ತಾ ಉಂಟು, ಅದರಿಂದ ಗ್ಯಾಸ್ ಬರ್ತದೆ. ಕಿಡಿ ತಾಗಿದರೆ ಸಿಡಿದು ಆಸಿಡ್ ಮುಖಕ್ಕೆ ಹಾರ್ತದೆ." ನಫೀಸಮ್ಮ ಮುಚ್ಚಳ ತೆರೆದು ಇಣುಕಿದಳು. "ಇದಕ್ಕೆ ಯಾವ ನೀರು ಹಾಕುದು?"

"ನಮ್ಮ ಗುಡ್ಡ ಕೊರೆದ ಸುರಂಗದ ಒರತೆ ನೀರು. ದೇವರ ಅಭಿಷೇಕಕ್ಕೂ ಅದೇ. ಅದಕ್ಕಿಂತ ಶುದ್ಧ ಎಂತ ಉಂಟು?"

"ಕುಡಿಯಲಿಕ್ಕೆ ಒಳ್ಳೆದೇ. ಆದರೆ ಕಲ್ಲುಮಣ್ಣಿನ ಉಪ್ಪು ಅದರಲ್ಲಿ ಉಂಟು, ಬ್ಯಾಟ್ರಿ ಒಳಗಿನ ಸೀಸದ ಪ್ಲೇಟು ಹಾಳು ಮಾಡ್ತದೆ. ಡಿಸ್ಟಿಲ್ಡ್ ವಾಟರೇ ಆಗಬೇಕು."

"ಇಷ್ಟು ವರ್ಷ ಓಡಿತಲ್ಲ!"

"ಓಡಿದ್ದು ನಾವು, ಹಿಂದಿನಿಂದ ದೂಡಿಕೊಂಡು," ಎಂದಳು ಹರಿಣಾಕ್ಷಿ.

ಪುಣ್ಯಕ್ಕೆ ಬ್ಯಾಟರಿ ಪೂರ್ತಿ ಸತ್ತಿರಲಿಲ್ಲ. ನಿಧಾನಕ್ಕೆ ಚಾರ್ಜ್ ಆಗಬೇಕು, ಅವಸರ ಮಾಡಿದರೆ ಬಿಸಿಯಾಗಿ ಕೆಡುತ್ತದೆ ಎಂದು ನಫೀಸಮ್ಮ ಅದನ್ನು ಇರಿಸಿಕೊಂಡಳು. ಅವರು ಬಸ್ಸಿನಲ್ಲಿ ಮನೆಗೆ ಬಂದರು; ಎರಡು ದಿನ ಬಿಟ್ಟು ತ್ಯಾಂಪಣ್ಣ ಹೋಗಿ ಬ್ಯಾಟರಿ ಕೂರಿಸಿ ಜೀಪು ತಂದ. ಅಂದಿನಿಂದ ಬ್ಯಾಟರಿಯ ಉಸ್ತುವಾರಿ ಹರಿಣಾಕ್ಷಿಯದ್ದು. ಗಂಡ ಮುಖ ಊದಿಸಿಕೊಂಡರೂ ಅವಳು ಬಿಡಲಿಲ್ಲ. ಪ್ಲೇಟು ನೀರಿನಲ್ಲಿ ಮುಳುಗಿದೆಯೇ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಿದಳು, ವಯರು ಕಳಚಿ ತುದಿಗೆ ಕಟ್ಟಿದ ಬಿಳಿ ಹುಡಿಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ ಗ್ರೀಸ್ ಹಚ್ಚಿದಳು.

ಅಮ್ಮುವಿಗೆ ನೋವು ಶುರುವಾದ ಮಧ್ಯಾಹ್ನ ಜೀಪು ಸಮತಟ್ಟು ಅಂಗಳದಲ್ಲೇ ನಿಂತಿತ್ತು. ನೆರೆಮನೆಯ ಸೀನ ಓಡಿಬಂದು ಅಭ್ಯಾಸಬಲದಿಂದ ಹಿಂದೆ ಕೈಯಿಟ್ಟ.

"ಕೈ ತೆಗಿ!" ಹರಿಣಾಕ್ಷಿ ಗದರಿದಳು.

ತ್ಯಾಂಪಣ್ಣ ಸೆಲ್ಫ್ ಸ್ಟಾರ್ಟರ್ ಒತ್ತಿದ. ಒಂದೇ ಸಲಕ್ಕೆ ಜೀಪು ಗುಡುಗಿತು. ಅವನು ಹೆಂಡತಿಯ ಮುಖ ನೋಡಿ, "ನಿನ್ನ ಬ್ಯಾಟ್ರಿ ಪರವಾಗಿಲ್ಲ ಮಾರಾಯ್ತಿ," ಎಂದ. ಸಂಜೆಯೊಳಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಅಣ್ಣಂದಿರೇ, ಅಕ್ಕಂದಿರೇ, ಜೀಪಿನದ್ದಾಗಲಿ ಕರೆಂಟಿಲ್ಲದಾಗ ಟಿವಿ ಓಡಿಸುವುದಾಗಲಿ, ನಿಮ್ಮ ಬ್ಯಾಟರಿಯ ಮುಚ್ಚಳವನ್ನು ಈ ವಾರವೇ ತೆರೆದು ನೋಡಿ. ಬೆಂಕಿ ದೂರವಿಡಿ, ಡಿಸ್ಟಿಲ್ಡ್ ವಾಟರನ್ನೇ ಹಾಕಿ, ಚಾರ್ಜ್ ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಡಬೇಡಿ. ಇಷ್ಟನ್ನೂ ಮಾಡದ ಮಾಲೀಕ ಇಳಿದು ದೂಡಿ ಎಂದರೆ, ಕೂತಲ್ಲಿಂದ ಏಳಬೇಡಿ.