ಗೂಟಕ್ಕೆ ಕಟ್ಟಿದ ಸೀರೆ

ಗೋಡೆಗೆ ಒರಗಿಸಿ ಕೂರಿಸಿದ ಮೇಲೂ ಗಿರಿಯ ಮೈ ಎಡಕ್ಕೆ ವಾಲುತ್ತಲೇ ಇತ್ತು. ದಾಕ್ಷಾಯಣಮ್ಮ ತನ್ನ ಹಳೇ ಸೀರೆ ಹರಿದು, ಮಗಳ ಎದೆಯನ್ನು ಸುತ್ತಿ ಗೋಡೆಯ ಗೂಟಕ್ಕೆ ಬಿಗಿದಳು. ಪ್ಲೇಗಿನ ವರ್ಷ ಹುಟ್ಟಿದ ಹುಡುಗಿ, ಒಂಬತ್ತು ತುಂಬಿತ್ತು. ಕೂರಲಾಗದೆ ಮೂರು ವರ್ಷ ಮಲಗಿದ್ದವಳನ್ನು ಮಣ್ಣಿಗಿಡಲು ಮಾತ್ರ ಕೂರಿಸಲೇಬೇಕು. ಇದೆಂಥ ಪದ್ಧತಿಯೋ ಎಂದುಕೊಂಡಳು ತಾಯಿ.

"ಕಾಲು ಮಡಿಸ್ರಮ್ಮ," ಎಂದರು ಸಂಸ್ಕಾರಕ್ಕೆ ಬಂದಿದ್ದ ಅಯ್ಯನವರು.

ಕಾಲು ಮಡಿಯಲಿಲ್ಲ. ಹನ್ನೆರಡರ ಅಕ್ಕ ಬಸಮ್ಮ, ದಿನವೂ ಮಾಡುತ್ತಿದ್ದಂತೆ, ಎಣ್ಣೆ ತಂದು ತಂಗಿಯ ಮೊಣಕಾಲು ತಿಕ್ಕತೊಡಗಿದಳು. ನೋಡಲಾರದೆ ಜನ ಮುಖ ತಿರುಗಿಸಿದರು.

*

ಐದನೇ ವರ್ಷದಲ್ಲಿ ಗಿರಿ ಸಮನೆಲದಲ್ಲೇ ಮುಗ್ಗರಿಸತೊಡಗಿದಳು. ಆಮೇಲೆ ಕೈಯಿಂದ ರೊಟ್ಟಿ ಜಾರಿತು. ಕೊನೆಗೆ 'ಅವ್ವ' ಎನ್ನುವುದೂ ನಿಂತುಹೋಯಿತು.

"ನನ್ನ ಹಿರೇಮಗನೂ ಹಿಂಗೇ ಹೋದ," ಎಂದಿದ್ದಳು ದ್ಯಾಮಮ್ಮ. "ಮನೆದೇವ್ರ ಮುನಿಸು."

ದ್ಯಾಮಮ್ಮ ದಾಕ್ಷಾಯಣಮ್ಮನಿಗೆ ತಾಯಿಯ ತಾಯಿ, ಅತ್ತೆಯೂ ಅವಳೇ. ತನ್ನ ಮಗ, ಅವಳ ಸೋದರಮಾವ ಮುರುಗೇಶಪ್ಪನಿಗೇ ಮೊಮ್ಮಗಳನ್ನು ತಂದುಕೊಂಡಿದ್ದಳು. ದ್ಯಾಮಮ್ಮನೂ ಸೋದರಮಾವನನ್ನೇ ಕಟ್ಟಿಕೊಂಡವಳು. ಅವರ ಊರು ತಾಳ್ಯದಲ್ಲಿ ಅದನ್ನು ಯಾರೂ ತಪ್ಪೆಂದವರಿಲ್ಲ.

*

ಹೊಲದಲ್ಲಿ ಮಣ್ಣು ಮಾಡಿ ಬಂದು ಎಲ್ಲರೂ ಮೈತೊಳೆದುಕೊಂಡರು. ದ್ಯಾಮಮ್ಮ ದಾಕ್ಷಾಯಣಮ್ಮನ ತಮ್ಮ ಗಂಗಾಧರಪ್ಪನತ್ತ ನೋಡಿದಳು.

"ಸಾವಾದ ಮನೇಲಿ ವರ್ಷದೊಳಗೆ ಒಂದು ಒಳ್ಳೇದಾಗ್ಬೇಕು. ಬಸಿನ ಇವನಿಗೆ ಕೊಟ್ಟು ಮದ್ವೆ ಮುಗಿಸಾಣ."

"ಬ್ಯಾಡಜ್ಜಿ," ಎಂದಳು ದಾಕ್ಷಾಯಣಮ್ಮ. ಆ ಮನೆಯಲ್ಲಿ ಅವಳು ಬೇಡವೆಂದದ್ದು ಅದೇ ಮೊದಲು. "ನಿನ್ನ ಮಗ ಹೋದ, ನನ್ನ ಮಗಳು ಹೋದ್ಲು. ಇಬ್ರೂ ಮಾವಂದಿರ್ನೇ ಮಾಡ್ಕಂಡೋರು ನಾವು. ದೇವ್ರನ್ನ ಯಾಕೆ ಬೈಯಾಣ?"

ಗಂಡನತ್ತ ತಿರುಗಿದಳು. "ಮನೆ ಬೀಜ ಸೊರಗೈತೆ ಅಂತ ಹೊರಕೆರೆದೇವಪುರದಿಂದ ಜೋಳ ತಂದು ಬಿತ್ತೀರಿ. ಗಂಡು ಮಾತ್ರ ಮನೇದೇ ಆಗ್ಬೇಕಾ?"

ಮುರುಗೇಶಪ್ಪ ತಾಯಿಯ ಮುಖ ನೋಡಿದ. ಮನೆ ಬಿಟ್ಟು ಹೋಗೋಣವೆಂದರೂ ದಾಕ್ಷಾಯಣಮ್ಮನಿಗೆ ಬೇರೆ ತವರಿರಲಿಲ್ಲ. ತಾಯಿ ತೀರಿದ ಮೇಲೆ ಅಕ್ಕ ತಮ್ಮ ಬೆಳೆದದ್ದು ಈ ಅಜ್ಜಿಯ ಮನೆಯಲ್ಲೇ; ತವರೂ ಇದೇ, ಗಂಡನ ಮನೆಯೂ ಇದೇ.

"ದುಃಖದಾಗೆ ಏನೇನೋ ಅಂತಾಳೆ, ಬಿಡ್ರಿ. ಇವನಿಗೆ ನಾನು ಮೊದ್ಲೇ ಮಾತು ಕೊಟ್ಟಾಗೈತೆ," ಎಂದು ದ್ಯಾಮಮ್ಮ ಬಸಮ್ಮನ ಕೈ ಹಿಡಿದಳು. "ಬಸೀ, ಮಾವನೆದುರಿಗೆ ನೆಟ್ಟಗೆ ಕುಂತ್ಕಾ."

ಹುಡುಗಿ ಗೋಡೆಗೆ ಒರಗಿ, ಕಾಲು ಮಡಿಸಿ ಕುಳಿತಳು. ಹೆಣ ಎತ್ತುವ ಅವಸರದಲ್ಲಿ ಗಂಟು ಬಿಚ್ಚದೆ ಸೀರೆಯನ್ನು ಕೊಯ್ದಿದ್ದರು. ಅದರ ತುಂಡು ಗೂಟದಿಂದ ಇಳಿದು ಬಸಿಯ ಹೆಗಲ ಮೇಲೆ ಬಿದ್ದಿತ್ತು.